ಮೃದಂಗದ ಕರಣೆಯೂ ವಿಜ್ಞಾನ ಮಂದಿರವೂ

ಯುದ್ಧಕ್ಕೆ ನಗಾರಿ, ಜಾತ್ರೆಗೆ ಡೊಳ್ಳು, ಮದುವೆಗೆ ಡೋಲು, ಊರಲ್ಲಿ ಸಾರುವುದಕ್ಕೆ ತಮಟೆ—ಹೀಗೆ ನಮ್ಮ ಬಾಳಿನ ಒಂದೊಂದು ಘಟ್ಟಕ್ಕೂ ಒಂದೊಂದು ಚರ್ಮವಾದ್ಯ ಜೊತೆಗೂಡಿ ಬಂದಿದೆ. ಇವಕ್ಕೆಲ್ಲ ತಾಳವುಂಟು, ಗತ್ತುಂಟು, ಎದೆ ನಡುಗಿಸುವ ಶಕ್ತಿಯುಂಟು. ಶ್ರುತಿಯ ಹಂಗು ಮಾತ್ರ ಇಲ್ಲ. ಹಾಡುವವರ ಷಡ್ಜ ಯಾವುದೆಂದು ಡೊಳ್ಳು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮೃದಂಗದ ಮಾತು ಬೇರೆ. ಅದರ ಬಲಮುಖ ಹಾಡುವವರ ಷಡ್ಜಕ್ಕೆ ಕೂಡಲೇಬೇಕು. ಕೂಡದಿದ್ದರೆ ಎಂಥ ಲಯಬ್ರಹ್ಮನೇ ನುಡಿಸಿದರೂ ಕಿವಿಗೆ ಹಿತವಾಗದು. ಅದಕ್ಕಾಗಿಯೇ ವಿದ್ವಾಂಸರು ವೇದಿಕೆಯನ್ನೇರಿದೊಡನೆ ಕಲ್ಲಿನಿಂದ ಅಂಚನ್ನು ಕುಟ್ಟಲು ತೊಡಗುತ್ತಾರೆ. ಇಲ್ಲಿ ಒಂದು ಪೆಟ್ಟು, ಅಲ್ಲಿ ಒಂದು ಪೆಟ್ಟು, ನಡುವೆ ತಂಬೂರಿಯ ಕಡೆಗೆ ಕಿವಿ. ಈ ಕುಟ್ಟುವಿಕೆಯ ಹೊತ್ತಿನಲ್ಲೇ ನಿದ್ದೆಗೆ ಜಾರಿ ಮಂಗಳದ ಹೊತ್ತಿಗೆ ಏಳುವ ಮಹನೀಯರು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರ ಹೆಸರು ಇಲ್ಲಿ ಬೇಡ.

ಒಂದು ತೊಗಲಿನ ತುಂಡಿಗೆ ಸ್ವರ ಎಲ್ಲಿಂದ ಬಂತು? ತಂತಿಗೆ ಸ್ವರವುಂಟು, ಕೊಳಲಿಗುಂಟು, ಮನುಷ್ಯನ ಕಂಠಕ್ಕುಂಟು. ಬಿಗಿದ ತೊಗಲಿಗೆ ಅದು ಸಹಜವಾಗಿ ಬರುವಂಥದಲ್ಲ. ಪಾಶ್ಚಾತ್ಯ ವಿಜ್ಞಾನಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ಲೆಕ್ಕ ಹಾಕಿ ಖಚಿತ ಮಾಡಿದ್ದರು. ಆ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು, ಹಾಗಾದರೆ ನಮ್ಮ ಮೃದಂಗಕ್ಕೆ ಮಾತ್ರ ಅದು ಹೇಗೆ ಬಂತು ಎಂದು ಕೇಳಿದವರು ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ನೌಕರಿಯಲ್ಲಿದ್ದ ಒಬ್ಬ ತರುಣರು.

ಚಂದ್ರಶೇಖರ ವೆಂಕಟರಾಮನ್ ೧೯೦೭ ರಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೋದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅದೇ ವರ್ಷ ಮದುವೆಯಾಗಿತ್ತು; ಕೈಹಿಡಿದ ಲೋಕಸುಂದರಿಯವರು ವೀಣೆ ನುಡಿಸುತ್ತಿದ್ದರು. ಬೌಬಜಾರ್ ರಸ್ತೆಯಲ್ಲಿ ಒಂದು ಹಳೆಯ ವಿಜ್ಞಾನ ಸಂಸ್ಥೆಯ ಹಲಗೆ ಅವರ ಕಣ್ಣಿಗೆ ಬಿತ್ತು. ೧೮೭೬ ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ ಸಂಸ್ಥೆ ಅದು. ಅಲ್ಲಿಂದ ಮುಂದೆ ಹತ್ತು ವರ್ಷ ರಾಮನ್ನರ ದಿನಚರಿ ಹೀಗೆ: ಬೆಳಿಗ್ಗೆ ಕಛೇರಿಗೆ ಮುಂಚೆ ಪ್ರಯೋಗಶಾಲೆ, ಸಂಜೆ ಕಛೇರಿ ಬಿಟ್ಟ ಮೇಲೆ ಮತ್ತೆ ಪ್ರಯೋಗಶಾಲೆ. ನಡುವೆ ಸರ್ಕಾರದ ಲೆಕ್ಕಪತ್ರ. ನಮ್ಮಂಥ ಕಡತ ಹೊರುವವರಿಗೆ ಇದನ್ನು ಓದಿದಾಗ ಸಂತೋಷವೂ ಆಗುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ನಮ್ಮ ಭಾಷೆಯಲ್ಲಿ ನೌಕರಿಯ ಜಾಗಕ್ಕೂ ಕಛೇರಿ, ಸಂಗೀತದ ಸಭೆಗೂ ಕಛೇರಿ. ಈ ಎರಡು ಕಛೇರಿಗಳನ್ನೂ ನಿಜವಾಗಿ ಒಂದೇ ದಿನದೊಳಗೆ ಕೂಡಿಸಿದವರು ಅವರೊಬ್ಬರೇ ಇರಬೇಕು.

೧೯೦೯ ರಲ್ಲಿಯೇ ಅವರು ಏಕತಾರಿಯ ಮೇಲೆ ಲೇಖನ ಬರೆದರು. ಭಿಕ್ಷುಕನ ಕೈಯಲ್ಲಿರುವ ಒಂದು ತಂತಿಯ ವಾದ್ಯ! ಆಗಿನ ಕಾಲದ ವಿದ್ಯಾವಂತರು ಅದನ್ನು ತಿರುಗಿ ನೋಡುತ್ತಿದ್ದರೋ ಇಲ್ಲವೋ. ೧೯೧೭ ರಲ್ಲಿ ಸರ್ ಆಶುತೋಷ ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪದವಿಯನ್ನು ಕೊಟ್ಟಾಗ, ದೊಡ್ಡ ಸಂಬಳದ ಸರ್ಕಾರಿ ನೌಕರಿಯನ್ನು ಬಿಟ್ಟು ಕಡಿಮೆ ಸಂಬಳಕ್ಕೆ ಹೋದರು. ಪೆನ್ಷನ್ನಿನ ಲೆಕ್ಕ ಹಾಕುವ ನಮ್ಮ ಜಾತಿಯವರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿಯಲ್ಲ. ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಬೌಬಜಾರಿನ ಪ್ರಯೋಗಶಾಲೆಯನ್ನು ಬಿಡಲಿಲ್ಲ. ವಿದ್ಯಾರ್ಥಿಗಳೂ ಅಲ್ಲಿಗೇ ಬಂದರು. ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲಾಗಳೂ ಅಲ್ಲಿಗೇ ಬಂದವು.

ಮುಂದಿನ ಮಾತು ತಿಳಿಯಬೇಕಾದರೆ ವಾಚಕರು ಒಂದೆರಡು ನಿಮಿಷ ಲೆಕ್ಕವನ್ನು ಸಹಿಸಿಕೊಳ್ಳಬೇಕು. ಭಯ ಬೇಡ, ನಾವು ಬಿ.ಎ. ಮಾಡಿದವರು; ನಮಗೆ ತಿಳಿದಷ್ಟನ್ನೇ ಹೇಳುತ್ತೇವೆ.

ತಂತಿಯೊಂದನ್ನು ಮೀಟಿದರೆ ಅದು ಒಂದೇ ಸ್ವರವನ್ನು ನುಡಿಯುವುದಿಲ್ಲ. ಇಡಿಯಾಗಿ ಒಂದು ಕಂಪನ. ಅದರ ಜೊತೆಗೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು ಭಾಗವಾಗಿ ನಡೆಯುವ ಕಂಪನಗಳು. ಇವುಗಳ ವೇಗ ಮೂಲ ವೇಗದ ೨, ೩, ೪, ೫ ಪಟ್ಟು. ಮೂಲವನ್ನು ಷಡ್ಜವೆಂದುಕೊಂಡರೆ ೨ ಎಂಬುದು ಮೇಲಿನ ಷಡ್ಜ, ೩ ಅದರ ಮೇಲಿನ ಪಂಚಮ, ೪ ಇನ್ನೂ ಮೇಲಿನ ಷಡ್ಜ, ೫ ಅಲ್ಲಿಯ ಅಂತರ ಗಾಂಧಾರ. ಒಳ್ಳೆಯ ತಂಬೂರಿಯ ಮುಂದೆ ಕಣ್ಣುಮುಚ್ಚಿ ಕುಳಿತರೆ ಯಾರೂ ಮೀಟದ ಗಾಂಧಾರ ಕೇಳಿಸುತ್ತದೆಯಲ್ಲ, ಅದು ಇದೇ. ಒಂದಕ್ಕೊಂದು ಒಗ್ಗುವ ಈ ಉಪಸ್ವರಗಳ ಬಳಗದಿಂದಲೇ ತಂತಿಯ ಧ್ವನಿಗೆ ‘ಸ್ವರ’ವೆಂಬ ಹೆಸರು ಸಲ್ಲುತ್ತದೆ.

ಇನ್ನು ಬಿಗಿದ ತೊಗಲು. ಅದೂ ನಾನಾ ಬಗೆಯಲ್ಲಿ ಭಾಗವಾಗಿ ಕಂಪಿಸುತ್ತದೆ. ಆದರೆ ಆ ವೇಗಗಳು ೧, ೧.೫೯, ೨.೧೪, ೨.೩೦, ೨.೬೫—ಹೀಗೆ. ಯಾವುದೂ ಯಾವುದಕ್ಕೂ ಒಗ್ಗುವುದಿಲ್ಲ. ಒಂದೇ ಮನೆಯಲ್ಲಿ ಐದು ಜನ ಐದು ರಾಗ ಹಾಡಿದ ಹಾಗೆ. ತಮಟೆ ಸದ್ದಾಗಿಯೇ ಉಳಿಯುವುದಕ್ಕೆ ಕಾರಣ ಇದು. ಪಶ್ಚಿಮದ ವಾದ್ಯವೃಂದದಲ್ಲಿ ದೊಡ್ಡ ತಾಮ್ರದ ಹಂಡೆಗೆ ತೊಗಲು ಹೊದಿಸಿದ ಕೆಟಲ್ ಡ್ರಮ್ ಇದೆ. ಅದರಲ್ಲಿ ತೊಗಲಿನೊಡನೆ ಅಲುಗುವ ಗಾಳಿಯ ಭಾರ ಆ ವೇಗಗಳನ್ನು ಅಷ್ಟಿಷ್ಟು ಸರಿಪಡಿಸುತ್ತದೆ, ಸ್ವರದ ಛಾಯೆ ಬರುತ್ತದೆ. ಅವರು ಗಾಳಿಯನ್ನು ನೆಚ್ಚಿಕೊಂಡರು. ನಮ್ಮವರು ನೆಚ್ಚಿಕೊಂಡದ್ದು ಒಂದು ಹಿಡಿ ಅನ್ನವನ್ನು.

ಮೃದಂಗದ ಬಲಮುಖದ ನಡುವೆ ಇರುವ ಕಪ್ಪು ವೃತ್ತವನ್ನು ನೋಡದವರಿಲ್ಲ. ಅದನ್ನೇ ಕರಣೆ ಎನ್ನುತ್ತಾರೆ. ತಬಲಾದಲ್ಲಿ ಇದಕ್ಕೆ ಶಾಯಿ ಎಂದು ಹೆಸರು. ಯಕ್ಷಗಾನದ ಮದ್ದಳೆಗೂ ಇದು ಉಂಟು. ಬೇಯಿಸಿದ ಅನ್ನ, ಕಬ್ಬಿಣದ ಅಂಶವುಳ್ಳ ಕಪ್ಪು ಕಲ್ಲಿನ ನುಣ್ಣನೆಯ ಪುಡಿ—ಇವೆರಡನ್ನೂ ಕೂಡಿಸಿ ನಾದಿ, ಪದರ ಪದರವಾಗಿ ಬಳಿದು, ಒಂದೊಂದು ಪದರವನ್ನೂ ಕಲ್ಲಿನಿಂದ ಉಜ್ಜಿ ಒಣಗಿಸಿ ಮಾಡಿದ್ದು. ನಡುವೆ ದಪ್ಪ, ಅಂಚಿನ ಕಡೆಗೆ ತೆಳು. ಶೋಭೆಗಾಗಿ ಇಟ್ಟ ಬೊಟ್ಟೆಂದು ತಿಳಿದ ಮಕ್ಕಳನ್ನು ನಾವು ಬಲ್ಲೆವು, ದೊಡ್ಡವರನ್ನೂ ಬಲ್ಲೆವು.

ಆ ಬೊಟ್ಟು ಮಾಡುವ ಕೆಲಸವೇನು? ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ನೆನೆಯಿರಿ. ಬರಿ ಹಗ್ಗವನ್ನು ಅಲುಗಿಸಿದರೆ ಬೇಗ ಬೇಗ ತೂಗುತ್ತದೆ. ನಟ್ಟನಡುವೆ ಒಂದು ಒದ್ದೆ ಟವಲನ್ನು ಹಾಕಿದರೆ ನಿಧಾನವಾಗುತ್ತದೆ. ತೊಗಲಿನಲ್ಲೂ ಹಾಗೆಯೇ. ಮೂಲಕಂಪನದಲ್ಲಿ ತೊಗಲಿನ ನಡುಭಾಗವೇ ಹೆಚ್ಚಾಗಿ ಏರಿಳಿಯುವುದರಿಂದ ಅಲ್ಲಿಟ್ಟ ಭಾರ ಅದನ್ನು ಬಹಳವಾಗಿ ನಿಧಾನ ಮಾಡುತ್ತದೆ. ವ್ಯಾಸದ ಗೆರೆಯ ಎರಡು ಪಕ್ಕಗಳಲ್ಲಿ ಏರಿಳಿಯುವ ಎರಡನೆಯ ಕಂಪನಕ್ಕೆ ಆ ಭಾರ ಅಷ್ಟಾಗಿ ತಟ್ಟುವುದಿಲ್ಲ. ಮೂಲ ಕೆಳಗಿಳಿಯುತ್ತದೆ, ಎರಡನೆಯದು ಹೆಚ್ಚುಕಡಿಮೆ ಇದ್ದಲ್ಲೇ ನಿಲ್ಲುತ್ತದೆ; ೧.೫೯ ಆಗಿದ್ದ ಅಂತರ ಬೆಳೆದು ೨ ಆಗುತ್ತದೆ. ಸದ್ದು ಸ್ವರವಾಗುವ ಮೊದಲ ಹೆಜ್ಜೆ ಇದು. ಉಳಿದ ಕಂಪನಗಳೂ ಹೀಗೆಯೇ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಸೇರುತ್ತವೆ. ಕರಣೆ ಎಷ್ಟು ಅಗಲ, ಎಷ್ಟು ದಪ್ಪ, ಎಲ್ಲಿಂದ ತೆಳುವಾಗಬೇಕು ಎಂಬುದು ಸ್ವಲ್ಪ ತಪ್ಪಿದರೂ ಎಲ್ಲವೂ ಕೆಡುತ್ತದೆ.

ಈ ಸಂಗತಿಯನ್ನು ರಾಮನ್ನರೂ ಅವರ ಜೊತೆಗಾರ ಶಿವಕಾಲಿ ಕುಮಾರರೂ ೧೯೨೦ ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದು ಪ್ರಪಂಚಕ್ಕೆ ತಿಳಿಸಿದರು. ಬರಿ ತೊಗಲಿಗೆ ಇಲ್ಲದ ಉಪಸ್ವರಗಳ ಬಳಗವನ್ನು ಭಾರತದ ವಾದ್ಯ ತಯಾರಕರು ತೊಗಲಿಗೆ ಕೊಟ್ಟಿದ್ದಾರೆ ಎಂಬುದು ಅದರ ತಿರುಳು.

ಅದೇ ಪ್ರಯೋಗಶಾಲೆಯಲ್ಲಿ ಪಿಟೀಲಿಗೂ ಒಂದು ಯಂತ್ರ ತಯಾರಾಯಿತು. ಮನುಷ್ಯನ ಕೈಯಲ್ಲಿ ಕಮಾನಿನ ಒತ್ತಡ, ವೇಗ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಅಳತೆ ಮಾಡುವುದು ಕಷ್ಟ. ಆದ್ದರಿಂದ ಕಮಾನನ್ನು ಒಂದು ಕಡೆ ನಿಲ್ಲಿಸಿ, ಪಿಟೀಲನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸುವ ಏರ್ಪಾಡು. ನೋಡಿದ ಪಿಟೀಲು ವಿದ್ವಾಂಸರು ಏನೆಂದುಕೊಂಡರೋ! ೧೯೨೧ ರಲ್ಲಿ ವೀಣೆ, ತಂಬೂರಿಗಳ ಸರದಿ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರ ಕೇಳಿಸಕೂಡದು ಎಂದು ಯೂರೋಪಿನ ನಿಯಮ. ವೀಣೆಯ ಕುದುರೆ ಪಿಟೀಲಿನದರ ಹಾಗೆ ಚೂಪಲ್ಲ, ಅಗಲವಾಗಿ ಸ್ವಲ್ಪ ಬಾಗಿದ್ದು. ತಂಬೂರಿಯಲ್ಲಿ ಆ ಅಗಲದ ಮೇಲೆ ತಂತಿಯ ಕೆಳಗೆ ಒಂದೆಳೆ ನೂಲು. ಇವುಗಳಲ್ಲಿ ಆ ನಿಯಮ ನಡೆಯುವುದಿಲ್ಲ, ಕೇಳಿಸಕೂಡದ ಸ್ವರ ಚೆನ್ನಾಗಿಯೇ ಕೇಳಿಸುತ್ತದೆ ಎಂದು ರಾಮನ್ ತೋರಿಸಿದರು. ತಂಬೂರಿಗೆ ಜೀವ ಕೊಡುವುದು ಆ ನೂಲು ಎಂದು ನಮ್ಮ ಅಜ್ಜಿಯರ ಕಾಲದವರಿಗೂ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ, ಅಷ್ಟೆ.

ಇಲ್ಲಿ ಆಶುತೋಷ ದೇ ಎಂಬುವರ ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಎಲ್ಲರೂ ಅವರನ್ನು ಆಶುಬಾಬು ಎನ್ನುತ್ತಿದ್ದರು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತಿದವರಲ್ಲ. ಬೌಬಜಾರಿನ ಸಂಸ್ಥೆಯ ಕೆಲಸಗಾರರು. ಪ್ರಯೋಗಕ್ಕೆ ಬೇಕಾದುದನ್ನೆಲ್ಲ ಅಣಿಮಾಡಿ, ವರ್ಷಗಟ್ಟಲೆ ರಾಮನ್ನರ ಬಲಗೈಯಾಗಿದ್ದರು. ಇಂಥವರ ಹೆಸರು ಸಾಮಾನ್ಯವಾಗಿ ಲೇಖನದ ಕೊನೆಯಲ್ಲಿ ಒಂದು ಸಾಲಿನ ಉಪಕಾರ ಸ್ಮರಣೆಗೆ ಮುಗಿಯುತ್ತದೆ. ಆದರೆ ೧೯೧೯ ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಕಂಪನಗಳ ಅಳತೆಯನ್ನು ಕುರಿತು ಬಂದ ಒಂದು ಲೇಖನಕ್ಕೆ ಲೇಖಕರು ಆಶುತೋಷ ದೇ ಒಬ್ಬರೇ. ರಾಮನ್ನರದು ಒಂದು ಪೀಠಿಕೆ ಮಾತ್ರ. ಸ್ವಭಾವದಲ್ಲಿ ಮುಂಗೋಪಿಗಳೆಂದು ಹೆಸರಾದ ರಾಮನ್ನರನ್ನು ಕುರಿತು ಈ ಒಂದು ಸಂಗತಿ ನಮಗೆ ಎಷ್ಟೋ ಹೆಚ್ಚಾಗಿ ಹೇಳುತ್ತದೆ.

೧೯೨೮ ರ ಫೆಬ್ರವರಿ ೨೮ ರ ಬೆಳಕಿನ ಶೋಧ, ೧೯೩೦ ರ ನೊಬೆಲ್ ಬಹುಮಾನ—ಇವು ಶಾಲೆಯ ಮಕ್ಕಳಿಗೂ ತಿಳಿದದ್ದು. ನಮಗೆ ಬೇಕಾದದ್ದು ಅದರ ಮುಂದಿನ ಸಂಗತಿ. ೧೯೩೩ ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದರು. ಆ ಪದವಿಗೆ ಬಂದ ಮೊದಲ ಭಾರತೀಯರು ಅವರೇ. ೧೯೦೯ ರಲ್ಲಿ ಜಮ್‌ಶೇಟ್‌ಜಿ ಟಾಟಾ ಅವರ ದಾನದಿಂದಲೂ ಮೈಸೂರು ಅರಸರು ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ಹುಟ್ಟಿದ, ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆ ಅದು. ನೊಬೆಲ್ ಬಹುಮಾನ ಬಂದ ಮೇಲೆ ಮದ್ದಳೆಯ ಗೊಡವೆ ಯಾರಿಗೆ ಬೇಕು ಎಂದುಕೊಳ್ಳಲಿಲ್ಲ ಅವರು. ೧೯೩೪ ರಲ್ಲಿ ಬೆಂಗಳೂರಿನಲ್ಲಿ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಭಾರತದ ಸಂಗೀತ ಚರ್ಮವಾದ್ಯಗಳ ಮೇಲೆ ವಿಸ್ತಾರವಾದ ಲೇಖನ ಬರೆದರು.

ಈ ಸಲ ಮರಳಿನ ಪ್ರಯೋಗ. ಮೃದಂಗದ ಬಲಮುಖದ ಮೇಲೆ ನುಣ್ಣನೆಯ ಮರಳನ್ನು ತೆಳ್ಳಗೆ ಉದುರಿಸಿ ಪೆಟ್ಟು ಹಾಕಿದರೆ, ಅಲುಗುವ ಜಾಗದಿಂದ ಮರಳು ಹಾರಿ, ಅಲುಗದ ಜಾಗದಲ್ಲಿ ಗೆರೆಗಟ್ಟಿ ನಿಲ್ಲುತ್ತದೆ. ಜರ್ಮನಿಯ ಕ್ಲಾಡ್ನಿ ಎಂಬಾತ ೧೭೮೭ ರಲ್ಲಿ ಲೋಹದ ತಗಡುಗಳ ಮೇಲೆ ಇಂಥ ಚಿತ್ರಗಳನ್ನು ಬರೆಯಿಸಿದ್ದ. ರಾಮನ್ ಅದನ್ನು ಮೃದಂಗದಲ್ಲಿ ಬರೆಯಿಸಿದರು. ವ್ಯಾಸದ ಗೆರೆಯ ಮೇಲೆ ಬೆರಳನ್ನು ಹಗುರವಾಗಿಟ್ಟು ಬಡಿದರೆ ಮರಳು ಅದೇ ಗೆರೆಯಲ್ಲಿ ನಿಂತಿತು, ಮೇಲಿನ ಷಡ್ಜ ಕೇಳಿಸಿತು. ಬೇರೆ ಪೆಟ್ಟುಗಳಿಗೆ ಒಂದನ್ನೊಂದು ಕತ್ತರಿಸುವ ಗೆರೆಗಳು, ವೃತ್ತಗಳು, ಬಾಗಿದ ಪಟ್ಟೆಗಳು. ಹೀಗೆ ಒಟ್ಟು ಒಂಬತ್ತು ಬಗೆಯ ಕಂಪನಗಳು ಐದೇ ಐದು ಸ್ವರಗಳಲ್ಲಿ ಗುಂಪುಗೂಡಿದ್ದನ್ನು ಅವರು ಕಂಡರು. ಮೊದಲ ಸ್ವರಕ್ಕೆ ಒಂದು ಕಂಪನ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಎರಡು, ಐದನೆಯದಕ್ಕೆ ಮೂರು. ಬರಿ ತೊಗಲಿನಲ್ಲಿ ಒಂಬತ್ತು ದಿಕ್ಕಿಗೆ ಓಡುತ್ತಿದ್ದವುಗಳನ್ನು ಕರಣೆ ಹಿಡಿದು ತಂದು ಐದು ಸಾಲಿನಲ್ಲಿ ಕೂರಿಸಿದೆ! ಇನ್ನೂ ಒಂದು ಮಾತು: ಮೃದಂಗದವರು ಬೆರಳಿಡುವ ಜಾಗಗಳೂ ಪೆಟ್ಟು ಹಾಕುವ ಜಾಗಗಳೂ ಈ ಮರಳಿನ ಗೆರೆಗಳಿಗೆ ಹೊಂದಿಯೇ ಇವೆ. ಗುರುಗಳು ಶಿಷ್ಯನ ಬೆರಳನ್ನು ಹಿಡಿದು “ಇಲ್ಲಿ ಅಲ್ಲ, ಇಲ್ಲಿ” ಎಂದು ಸರಿಸುವಾಗ ಅದು ಬರಿಯ ಸಂಪ್ರದಾಯದ ಮಾತಲ್ಲ.

ಬೆಂಗಳೂರಿನಲ್ಲಿ ಆ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ೧೯೫೪ ರಲ್ಲಿ ವಿಜ್ಞಾನ ಮಂದಿರದ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಎಂಬಿಬ್ಬರು ಈ ವಾದ್ಯವನ್ನು ಗಣಿತಕ್ಕೆ ಒಳಪಡಿಸಿದರು. ನಡುವೆ ಭಾರವಾದ ಒಂದು ವೃತ್ತ, ಸುತ್ತ ಹಗುರವಾದ ತೊಗಲು, ಇವೆರಡೂ ಕೂಡಿದ ಒಂದು ಪೊರೆ ಎಂದು ಭಾವಿಸಿ ಅವರು ಹಾಕಿದ ಲೆಕ್ಕ ರಾಮನ್ನರ ಪ್ರಯೋಗಕ್ಕೆ ಬಹು ಸಮೀಪವಾಗಿ ಬಂತು. ಈ ಸೋಂಧಿಯವರು ಮುಂದೆ ಅಮೆರಿಕದ ಬೆಲ್ ಪ್ರಯೋಗಶಾಲೆಗೆ ಹೋಗಿ, ದೂರದ ಟೆಲಿಫೋನ್ ಕರೆಯಲ್ಲಿ ನಮ್ಮ ಮಾತೇ ನಮಗೆ ಪ್ರತಿಧ್ವನಿಯಾಗಿ ಮರಳುವುದನ್ನು ತಡೆಯುವ ಉಪಾಯವನ್ನು ಕಂಡುಹಿಡಿದವರಲ್ಲಿ ಮುಖ್ಯರಾದರು. ಹೊರನಾಡಿನಲ್ಲಿ ಕುಳಿತು ಊರಿನ ಅಮ್ಮನೊಡನೆ ಫೋನಿನಲ್ಲಿ ಮಾತಾಡುವ ನಾವು ಮೃದಂಗಕ್ಕೆ ಇಷ್ಟರಮಟ್ಟಿಗಾದರೂ ಋಣಿಗಳು ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತೇನೋ, ಆದರೂ ಹೇಳಿಬಿಡುತ್ತೇವೆ. ೧೯೮೨ ರಲ್ಲಿ ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಥಾಮಸ್ ರಾಸಿಂಗ್ ಮತ್ತು ಅವರ ಜೊತೆಗಾರರು ಮತ್ತೊಂದು ದಾರಿ ಹಿಡಿದರು. ಕರಣೆಯ ಲೇಪ ಏರುತ್ತ ಹೋದಂತೆಲ್ಲ ಕಂಪನಗಳನ್ನು ಅಳೆದು, ಅವು ಹೇಗೆ ಹೆಜ್ಜೆಹೆಜ್ಜೆಯಾಗಿ ತಮ್ಮ ಸಾಲಿಗೆ ಬರುತ್ತವೆಂದು ಗುರುತಿಸಿದರು.

ಹೀಗೆ ಹಲವು ದಶಕ, ಎರಡು ಖಂಡ, ಎಷ್ಟೋ ಮಂದಿ ವಿದ್ವಾಂಸರು. ಎಲ್ಲರೂ ಬಿಡಿಸಿದ್ದು ಒಂದೇ ಒಗಟನ್ನು. ಅದಕ್ಕೆ ಉತ್ತರ ಮಾತ್ರ ಅವರೆಲ್ಲರಿಗಿಂತ ಮೊದಲೇ ತೊಗಲಿನ ಮೇಲೆ ಅಂಟಿಕೊಂಡಿತ್ತು. ಆ ಉತ್ತರವನ್ನು ಮೊದಲು ಕಂಡವನ ಹೆಸರು ಯಾವ ಇತಿಹಾಸದಲ್ಲಿಯೂ ಇಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ವಾದ್ಯದ ಮುಖಕ್ಕೆ ನದೀತೀರದ ಮಣ್ಣನ್ನು ಬಳಿದು ಶ್ರುತಿಗೂಡಿಸುವ ಕ್ರಮ ಹೇಳಿದೆ. ಮೃತ್ ಎಂದರೆ ಮಣ್ಣು. ಹಸಿಮಣ್ಣಿನಿಂದ ಅನ್ನಕ್ಕೆ, ಅನ್ನದಿಂದ ಕಲ್ಲಿನ ಪುಡಿಗೆ ಬರುವಷ್ಟರಲ್ಲಿ ಎಷ್ಟು ತಲೆಮಾರು ಕಳೆದವೋ, ಎಷ್ಟು ವಾದ್ಯ ಕೆಟ್ಟವೋ. ಪ್ರಯೋಗ, ತಪ್ಪು, ತಿದ್ದುಪಡಿ, ಮತ್ತೆ ಪ್ರಯೋಗ—ವಿಜ್ಞಾನವೆಂದರೆ ಇದೇ ಅಲ್ಲವೇ? ಬರೆದಿಡಲಿಲ್ಲ, ನಿಜ. ಬರೆಯಲು ಅವರಿಗೆ ಅಕ್ಷರವನ್ನು ಕೊಟ್ಟವರು ಯಾರು?

ಕಳೆದ ವರ್ಷ ಮಳೆಗಾಲದಲ್ಲಿ ಸ್ನೇಹಿತರ ಮಗನ ಮೃದಂಗದ ಕರಣೆ ಬಿರುಕುಬಿಟ್ಟು ಉದುರತೊಡಗಿತು. ಮುಂಬಯಿಯ ಮಳೆ ಯಾವ ತೊಗಲನ್ನೂ ನೆಟ್ಟಗಿರಗೊಡುವುದಿಲ್ಲ. ಅವರೊಡನೆ ನಾವೂ ಮೃದಂಗ ಕಟ್ಟುವವರೊಬ್ಬರ ಬಳಿಗೆ ಹೋಗಿದ್ದೆವು. ವಯಸ್ಸು ಅರವತ್ತರ ಮೇಲೆ; ಮಾತು ಅರ್ಧ ತಮಿಳು, ಅರ್ಧ ಕೋಲಾರದ ಕಡೆಯ ಕನ್ನಡ. ಹತ್ತಡಿಯ ಕೋಣೆ, ಗೋಡೆಗೆ ಒರಗಿಸಿದ ಹಲಸಿನ ಮರದ ಕಳಸಿಗೆಗಳು, ಮೂಲೆಯಲ್ಲಿ ತೊಗಲಿನ ಸುರುಳಿ, ಒಂದು ಬಗೆಯ ಹಸಿ ವಾಸನೆ. ಹಳೆಯ ಕರಣೆಯನ್ನು ಕೆರೆದು ತೆಗೆದು, ಕಪ್ಪು ಹಿಟ್ಟಿನ ಉಂಡೆಯಿಂದ ಕಡಲೆಕಾಳಿನಷ್ಟು ಕಿತ್ತು, ಹೆಬ್ಬೆರಳಿನಿಂದ ಸವರಿ, ನುಣುಪಾದ ಕಲ್ಲಿನಿಂದ ಉಜ್ಜಿದರು. ಒಣಗುವವರೆಗೂ ಉಜ್ಜಿ, ಬೆರಳಿನಿಂದ ಒಂದು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ಕಡಲೆಕಾಳಿನಷ್ಟು. ಹೀಗೆ ಎರಡು ಗಂಟೆ ಕಾಲ ನೋಡಿದೆವು, ಕೆಲಸ ಅರ್ಧವಾಗಿತ್ತು.

“ಎಷ್ಟು ಲೇಪ ಹಾಕಬೇಕು ಅಂತ ಲೆಕ್ಕವಿದೆಯೇ?” ಎಂದು ಕೇಳಿದೆವು.

“ಲೆಕ್ಕ ಎಲ್ಲಿ ಸಾರ್! ಚರ್ಮ ಒಂದೊಂದು ಒಂದೊಂದು ಥರ. ಉಜ್ಜುತಾ ಇದ್ದರೆ ಸದ್ದು ತಿರುಗುತ್ತೆ. ಆಗ ನಿಲ್ಲಿಸಬೇಕು.”

“ಒಂದು ಲೇಪ ಹೆಚ್ಚಾದರೆ?”

“ಸತ್ತು ಹೋಗುತ್ತೆ ಸಾರ್. ಕೆರೆದು ಮೊದಲಿಂದ ಹಾಕಬೇಕು.”

ರಾಮನ್ನರ ಮರಳಿನ ಪ್ರಯೋಗವನ್ನು ನಮಗೆ ತಿಳಿದಂತೆ ವಿವರಿಸಿದೆವು. ಗಮನವಿಟ್ಟು ಕೇಳಿದರು. “ಅಷ್ಟು ದೊಡ್ಡವರು ಇದಕ್ಕೆ ಕೈ ಹಾಕಿದರಾ?” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚರ್ಮ ಯಾರು ಹದ ಮಾಡಿಕೊಟ್ಟರಂತೆ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮಗ ಈ ಕೆಲಸಕ್ಕೆ ಬರುವನೇ ಎಂದು ಸ್ನೇಹಿತರು ಕೇಳಿದಾಗ, ಅವನು ಮೊಬೈಲ್ ಅಂಗಡಿಯಲ್ಲಿದ್ದಾನೆ, ಕೈ ವಾಸನೆ ಬರೋಲ್ಲ ಎಂದಷ್ಟೇ ಹೇಳಿ ಕಲ್ಲನ್ನು ಕೈಗೆತ್ತಿಕೊಂಡರು.

ಆ ವಾಸನೆಯ ಮಾತು ನಮ್ಮನ್ನು ಬಿಡಲಿಲ್ಲ. ಮೃದಂಗಕ್ಕೆ ಹಸು, ಎಮ್ಮೆ, ಮೇಕೆಗಳ ತೊಗಲು ಬೇಕು. ಅದನ್ನು ಆರಿಸುವವರು, ಹದಮಾಡುವವರು, ಕಟ್ಟುವವರು ಬಹುಮಟ್ಟಿಗೆ ದಲಿತ ಸಮುದಾಯದವರು. ವಾದ್ಯಕ್ಕೆ ಆಯುಧಪೂಜೆಯಂದು ಗಂಧ ಹೂವು. ಅದನ್ನು ಕಟ್ಟಿದವರಿಗೆ ಎಷ್ಟೋ ಮನೆಗಳಲ್ಲಿ ಹೊಸ್ತಿಲಿನಿಂದಾಚೆಯ ಜಾಗ. ಇದು ಬಹುಕಾಲ ನಡೆದು ಬಂದ ರೀತಿ. ಗಾಯಕ ಟಿ. ಎಂ. ಕೃಷ್ಣ ಅವರು ೨೦೨೦ ರಲ್ಲಿ ಮೃದಂಗ ಕಟ್ಟುವವರ ಚರಿತ್ರೆಯನ್ನೇ ಒಂದು ಇಂಗ್ಲಿಷ್ ಪುಸ್ತಕವಾಗಿ ಬರೆದರು. ಪಾಲ್ಘಾಟ್ ಮಣಿ ಅಯ್ಯರ್ ಅವರಂಥ ಮಹಾ ವಿದ್ವಾಂಸರ ನಾದದ ಹಿಂದೆ ತಂಜಾವೂರಿನ ಒಂದು ಕ್ರೈಸ್ತ ದಲಿತ ಕುಟುಂಬ ತಲೆಮಾರುಗಳ ಕಾಲ ದುಡಿದ ಕಥೆ ಅದರಲ್ಲಿದೆ. ಆ ಕುಟುಂಬದ ಹೆಸರೇ ಪುಸ್ತಕದ ಹೆಸರೂ ಆಗಿದೆ. ಇಷ್ಟು ತಡವಾಗಿಯಾದರೂ ಬಂತಲ್ಲ ಎಂದು ಸಮಾಧಾನಪಡಬೇಕು. ವಿಶ್ವವಿದ್ಯಾಲಯಗಳಲ್ಲಿ ಕಲೆಯೂ ವಿಜ್ಞಾನವೂ ಕೈಕೂಡಿಸಬೇಕೆಂದು ಈಗ ಎಲ್ಲೆಲ್ಲಿಯೂ ಹೇಳುತ್ತಾರೆ. ವಿದ್ವಾಂಸರಿಗೆ ಒಂದು ಕುರ್ಚಿ, ವಿಜ್ಞಾನಿಗೆ ಒಂದು ಕುರ್ಚಿ ಹಾಕುತ್ತಾರೆ. ಕರಣೆ ಹಾಕುವವರಿಗೆ ಮೂರನೆಯ ಕುರ್ಚಿ ಹಾಕಿದ ಸಭೆಯನ್ನು ನಾವಂತೂ ಇನ್ನೂ ನೋಡಿಲ್ಲ. ಆಶುಬಾಬುವಿಗೆ ೧೯೧೯ ರಲ್ಲೇ ಸಿಕ್ಕ ಮರ್ಯಾದೆ ಇದು.

ಕೆಲಸವೇನೋ ಮುಂದುವರಿದೇ ಇದೆ. ಚೆನ್ನೈಯ ಐಐಟಿಯಲ್ಲಿ ಮೃದಂಗದ ಪೆಟ್ಟುಗಳನ್ನು ಧ್ವನಿಮುದ್ರಿಸಿ, ಯಾವುದು ‘ತ’, ಯಾವುದು ‘ದಿಂ’ ಎಂದು ಕಂಪ್ಯೂಟರ್ ತಾನೇ ಗುರುತಿಸುವಂತೆ ಮಾಡುವ ಸಂಶೋಧನೆ ೨೦೧೩ ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದವರಲ್ಲಿ ಒಬ್ಬರು ಸ್ವತಃ ಮೃದಂಗ ನುಡಿಸುವವರು. ಬೆಂಗಳೂರಿನಲ್ಲಿ ತೊಗಲೇ ಇಲ್ಲದ, ಕೃತಕ ಪೊರೆಯ ಮೃದಂಗವೂ ತಯಾರಾಗಿದೆ. ಅದನ್ನು ರೂಪಿಸಿದವರು ಸಂಗೀತವನ್ನೂ ಎಂಜಿನಿಯರಿಂಗನ್ನೂ ಬಲ್ಲವರು. ಅದಕ್ಕೆ ಮಳೆಯ ಭಯವಿಲ್ಲ, ಪ್ರಾಣಿಯ ತೊಗಲಿನ ಹಂಗಿಲ್ಲ. ಮುಂಬಯಿಯಂಥ ಊರಿನಲ್ಲಿ ಮಗುವನ್ನು ಪಾಠಕ್ಕೆ ಕಳಿಸುವ ತಂದೆತಾಯಿಗಳಿಗೆ ದೊಡ್ಡ ಅನುಕೂಲ. ನಾದ ತೊಗಲಿನದಕ್ಕೆ ಸಮವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಮ್ಮ ಕಿವಿಗೆ ತೊಗಲಿನದೇ ಹೆಚ್ಚು ತುಂಬಿದಂತೆ ಕೇಳಿತು. ಆದರೆ ಹತ್ತಡಿಯ ಆ ಕೋಣೆಯನ್ನು ನೋಡಿ ಬಂದ ಮೇಲೆ ನಮ್ಮ ಕಿವಿ ಪಕ್ಷಪಾತ ಮಾಡಿರಲಿಕ್ಕೂ ಸಾಕು. ಕೃತಕ ಮೃದಂಗ ಹರಡಿದರೆ ಆ ಕೋಣೆಗಳು ಏನಾಗುತ್ತವೆ ಎಂಬ ಪ್ರಶ್ನೆ ಹಾಗೆಯೇ ಇದೆ. ವಾಸನೆಯ ಕೆಲಸದಿಂದ ಒಂದು ಸಮುದಾಯಕ್ಕೆ ಬಿಡುಗಡೆಯಾದರೆ ಒಳ್ಳೆಯದೇ ಎನ್ನುವವರಿದ್ದಾರೆ. ಬದುಕಿಗೆ ಬೇರೆ ದಾರಿ ತೋರದೆ ಬಿಡುಗಡೆ ಎನ್ನಬೇಡಿ ಎನ್ನುವವರೂ ಇದ್ದಾರೆ. ಎರಡನೆಯವರ ಮಾತು ನಮಗೆ ಹೆಚ್ಚು ಸರಿಯೆನಿಸುತ್ತದೆ. ಆ ಕೈಯಲ್ಲಿರುವ ವಿದ್ಯೆಯನ್ನು, ಆ ಕೈಯವರ ಹೆಸರಿನೊಡನೆಯೇ, ಯಾವುದಾದರೂ ವಿಶ್ವವಿದ್ಯಾಲಯ ಕೂತು ಬರೆದುಕೊಳ್ಳುವುದಕ್ಕೆ ಇನ್ನೂ ಕಾಲ ಮಿಂಚಿಲ್ಲ.

ಮನೆಯಲ್ಲಿ ಮೃದಂಗ ಕಲಿಯುವ ಮಕ್ಕಳಿರುವವರು ಮರಳಿನ ಪ್ರಯೋಗವನ್ನು ತಾವೇ ಮಾಡಿ ನೋಡಬಹುದು. ಗುರುಗಳ ಅಪ್ಪಣೆ ಪಡೆದು, ಎಡಮುಖ ಕೆಳಗಾಗುವಂತೆ ಮೃದಂಗವನ್ನು ನೆಟ್ಟಗೆ ನಿಲ್ಲಿಸಿ, ಚೆನ್ನಾಗಿ ಒಣಗಿದ ನುಣ್ಣನೆಯ ಮರಳನ್ನು ಬಲಮುಖದ ಮೇಲೆ ತೆಳ್ಳಗೆ ಉದುರಿಸಬೇಕು. ಒಂದು ಬೆರಳನ್ನು ವ್ಯಾಸದ ಗೆರೆಯ ಮೇಲೆ ಹಗುರವಾಗಿ ತಾಗಿಸಿ, ಇನ್ನೊಂದು ಬೆರಳಿನಿಂದ ಅಂಚಿನ ಬಳಿ ಬಡಿಯಲಿ. ಗೆರೆ ಮೂಡುವುದನ್ನು ಮಕ್ಕಳೇ ನೋಡಲಿ. ಮುಗಿದ ಮೇಲೆ ಮರಳನ್ನು ಮೆತ್ತನೆಯ ಒಣಬಟ್ಟೆಯಿಂದ ಹುಷಾರಾಗಿ ಒರೆಸಬೇಕು. ಒದ್ದೆ ಬಟ್ಟೆ ಮಾತ್ರ ಬೇಡ; ನೀರು ತಾಗಿದರೆ ಕರಣೆ ಏಳುತ್ತದೆ.